ಪುಷ್ಪಲತಾ ಮೇಡಂ ವಾಪಸ್ ಪಡೆದ ಪ್ರಬಂಧ

ಡಾ. ಪುಷ್ಪಲತಾ ಅವರು ಸಹಪ್ರಾಧ್ಯಾಪಕಿಯಾಗಿಯೇ ನಿವೃತ್ತರಾದರು. ಅಷ್ಟು ವರ್ಷ ಪಾಠ ಹೇಳಿದವರು ಪ್ರಾಧ್ಯಾಪಕಿ ಯಾಕೆ ಆಗಲಿಲ್ಲ ಎಂದು ಈಗಲೂ ಕೆಲವರು ನನ್ನನ್ನು ಕೇಳುತ್ತಾರೆ. ನಾನು ಅದೇ ವಿಭಾಗದಲ್ಲಿ ಸಂಖ್ಯಾಶಾಸ್ತ್ರ ಕಲಿಸುವವನು. ಅವರ ಕೋಣೆಯಲ್ಲೇ, ಅವರ ಎದುರಿನ ಮೇಜಿನಲ್ಲಿ ಒಂಬತ್ತು ವರ್ಷ ಕುಳಿತವನು. ಅದು ಹೇಗಾಯಿತೆಂದು ನನಗೆ ಗೊತ್ತು. ಅದರಲ್ಲಿ ನನ್ನ ಪಾಲೂ ಇದೆ.

ನಮ್ಮ ಕಾಲೇಜು ಹಾವೇರಿಗೂ ರಾಣೆಬೆನ್ನೂರಿಗೂ ನಡುವೆ, ಹೆದ್ದಾರಿಯ ಪಕ್ಕದಲ್ಲಿದೆ. ಖಾಸಗಿ ವೈದ್ಯಕೀಯ ಕಾಲೇಜು, ಬಹಳ ಹಳೆಯದಲ್ಲ. ನಮ್ಮದು ಸಮುದಾಯ ವೈದ್ಯಶಾಸ್ತ್ರ ವಿಭಾಗ. ಹಾಸಿಗೆ ಹಿಡಿದ ರೋಗಿಗಿಂತ ಊರಲ್ಲಿ ದುಡಿಯುತ್ತ ಓಡಾಡುವ ಜನರ ಆರೋಗ್ಯ ನೋಡುವುದು ನಮ್ಮ ಕೆಲಸ. ಮೇಡಂ ಗುತ್ತಲದವರು. ತಂದೆ ಅಂದಾನೆಪ್ಪ ಅಲ್ಲಿಯ ಪೇಟೆಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದರು. ಮಗಳು ವೈದ್ಯೆಯಾಗಿ ಏಳು ವರ್ಷ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡಿ, ಮೂವತ್ತೈದು ದಾಟಿದ ಮೇಲೆ ಸ್ನಾತಕೋತ್ತರ ಪದವಿ ಮುಗಿಸಿ, ದೂರದ ಒಂದು ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕಿಯಾದರು. ನಮ್ಮಲ್ಲಿಗೆ ಬಂದದ್ದು ಆಮೇಲೆ.

ಆ ದೂರದ ಕಾಲೇಜಿನಲ್ಲಿ ನಡೆದದ್ದನ್ನು ಅವರು ನನಗೆ ಹೇಳಿದ್ದು ಒಂದೇ ಸಲ. ಶಿಬಿರ ಮುಗಿಸಿ ಕಾಲೇಜಿನ ವ್ಯಾನಿನಲ್ಲಿ ವಾಪಸು ಬರುತ್ತಿದ್ದೆವು. ಅಲ್ಲಿ ಮೂರು ವರ್ಷ ಅವರು ನಲವತ್ತು ಹಳ್ಳಿಗಳ ಶಾಲೆ ಸುತ್ತಿ ಹೆಣ್ಣುಮಕ್ಕಳ ರಕ್ತಹೀನತೆಯ ಲೆಕ್ಕ ತೆಗೆದಿದ್ದರು. ಕಾಗದಗಳನ್ನೆಲ್ಲ ಕಟ್ಟಿ ವಿಭಾಗದ ಹಿರಿಯರ ಕೈಗೆ ಕೊಟ್ಟರು. ಒಂದೂವರೆ ವರ್ಷದ ಮೇಲೆ ಗ್ರಂಥಾಲಯದಲ್ಲಿ ಯಾವುದೋ ಪತ್ರಿಕೆ ತಿರುವುವಾಗ ಅದೇ ಲೆಕ್ಕದ ಒಂದು ಪ್ರಬಂಧ ಕಣ್ಣಿಗೆ ಬಿತ್ತು.

“ಎಲ್ಲಾ ನನ್ನ ಕೋಷ್ಟಕಾನ ಇದ್ದವು. ಮೂರನೇದರಾಗ ಕೂಡಿಸೂ ಮುಂದ ನಾ ಮಾಡಿದ ತಪ್ಪೂ ಹಂಗ ಛಾಪಾ ಆಗಿತ್ತು. ನನ್ನ ಹೆಸರಷ್ಟ ಇರಲಿಲ್ಲ” ಎಂದರು.

“ನೀವು ಕೇಳಲಿಲ್ಲೇನ್ರಿ?”

“ಹೆಂಗ ಕೇಳಬೇಕು ಅನ್ನೂದನ್ನ ನನಗ ಯಾರೂ ಕಲಿಸಿರಲಿಲ್ಲ.”

ಮುಂದೆ ಹತ್ತು ವರ್ಷ ಅವರು ಸ್ವಂತದ ಸಂಶೋಧನೆ ಹಿಡಿಯಲಿಲ್ಲ. ಪಾಠ, ಲಸಿಕೆ, ಪರೀಕ್ಷೆ, ಕಾಲೇಜಿನ ಮಾನ್ಯತೆ ನೋಡುವ ತಪಾಸಣೆ ತಂಡ ಬಂದಾಗ ಕಡತ, ಇದರಲ್ಲೇ ದಿನ ಕಳೆದವು.

ಕೊರೊನಾ ಕಳೆದ ಮರುವರ್ಷ ನಮ್ಮ ವಿಭಾಗಕ್ಕೆ ಬೇನಜೀರ ಬಂದಳು. ಹಾವೇರಿಯವಳು, ಮೂವತ್ತೊಂದು ವಯಸ್ಸು. ಗಂಡ ಜಮೀರ್ ಕರ್ಜಗಿಯ ಶಾಲೆಯಲ್ಲಿ ಮೇಷ್ಟ್ರು, ಮನೆಯಲ್ಲಿ ಎರಡು ವರ್ಷದ ಮಗಳು. ಯಾರು ಏನು ಹೇಳಿದರೂ ಹೂಂ ಅನ್ನುವ ಹುಡುಗಿ. ಆರು ತಿಂಗಳಲ್ಲಿ ಏಳು ಸಮಿತಿಗಳಲ್ಲಿ ಅವಳ ಹೆಸರಿತ್ತು. ಊಟದ ಡಬ್ಬಿ ತೆರೆಯದೆ ಮನೆಗೆ ಒಯ್ಯುತ್ತಿದ್ದುದನ್ನು ನಾನೇ ನೋಡಿದ್ದೇನೆ. ಬಿಡುವಿದ್ದಾಗ ಸಂಶೋಧನೆ ಮಾಡುತ್ತೇನೆ ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಮೇಡಂ ಅವಳನ್ನು ಕರೆದು ಎದುರಿಗೆ ಕೂರಿಸಿಕೊಂಡರು. “ನೀ ಏನೇನ್ ಕೆಲಸ ಹಚ್ಚಿಕೊಂಡೀ, ಒಂದು ಹಾಳಿ ಮ್ಯಾಲ ಬರಿ ನೋಡೋಣ.”

ಬೇನಜೀರ ಬರೆದಳು. ಹಾಳೆಯ ಎರಡೂ ಬದಿ ತುಂಬಿತು.

“ಇದರಾಗ ನಿಂದು ಯಾವುದು?”

ಬೇನಜೀರ ಬೆರಳಿಟ್ಟು ಮೇಲಿನಿಂದ ಕೆಳಗೆ ಓದಿದಳು. ಕಣ್ಣಲ್ಲಿ ನೀರು ಬಂತು. “ಒಂದೂ ಇಲ್ರಿ, ಮೇಡಂ.”

“ಬಿಡುವು ಅನ್ನೂದು ತಾನಾಗಿ ಬರಾಂಗಿಲ್ಲವ್ವಾ. ನಾ ಹತ್ತು ವರ್ಷ ಅದರ ದಾರಿ ಕಾಯ್ದೇನಿ. ವಾರದಾಗ ಒಂದ ದಿನ ನಿಂದು ಅಂತ ತಗೋ. ಗುರುವಾರ ತಗೋ. ಅವತ್ತು ಯಾರು ಕರದ್ರೂ ಹೂಂ ಅನಬ್ಯಾಡ. ಇಲ್ಲ ಅನ್ನಾಕ ಬಾಯಿ ಬರಲಿಲ್ಲಂದ್ರ ನನ್ನ ಹೆಸರು ಹೇಳು.”

ಅದೇ ದಿನ ಸಂಜೆ ಮೇಡಂ ವಿಭಾಗದ ಮುಖ್ಯಸ್ಥ ಡಾ. ಶಶಿಕಾಂತ ಅವರ ಕೋಣೆಗೆ ಹೋಗಿ, ಆ ಏಳರಲ್ಲಿ ಮೂರು ಸಮಿತಿಗಳನ್ನು ತಮ್ಮ ಹೆಸರಿಗೆ ಬರೆಸಿಕೊಂಡು ಬಂದರು. ಆಗ ಮೇಡಂಗೆ ಐವತ್ತೇಳು.

ಏನನ್ನು ಸಂಶೋಧಿಸಬೇಕು ಎಂಬ ಮಾತು ಬಂದಾಗ ಬೇನಜೀರ ನಾಲ್ಕೈದು ದೊಡ್ಡ ವಿಷಯ ಹೇಳಿದಳು. ಎಲ್ಲವೂ ದೊಡ್ಡ ನಗರಗಳಲ್ಲಿ ದೊಡ್ಡ ಯಂತ್ರವಿದ್ದವರು ಮಾಡುವಂಥವು. ಮೇಡಂ ಕೇಳುತ್ತ ಕುಳಿತಿದ್ದರು. ಕೊನೆಗೆ, “ಇಲ್ಲಿದ್ದವರಿಗಷ್ಟ ಕಾಣುವಂಥಾದ್ದು ಏನೈತಿ ಅನ್ನೂದನ್ನ ನೋಡು. ಐದು ವರ್ಷ ಅದರ ಕೂಡ ಇರಬೇಕಾಗ್ತದ, ಬ್ಯಾಸರ ಬರಲಾರದ್ದನ್ನ ಆರಿಸ್ಕೋ” ಎಂದರು.

ಎರಡು ವಾರ ಕಳೆದು ಬೇನಜೀರ ತಾನೇ ಬಂದು ಹೇಳಿದಳು. ಬ್ಯಾಡಗಿಯಲ್ಲಿ ಸೋದರತ್ತೆಯ ಮನೆಗೆ ಹೋದಾಗ ಓಣಿಯ ಹೆಂಗಸರು ಕೆಮ್ಮುತ್ತ ಕುಳಿತು ಮೆಣಸಿನಕಾಯಿ ತುಂಬು ಬಿಡಿಸುವುದನ್ನು ನೋಡಿದ್ದಳಂತೆ. ತೊಟ್ಟಿಗೆ ಅಲ್ಲಿ ತುಂಬು ಅನ್ನುತ್ತಾರೆ. ಜನವರಿಯಿಂದ ಏಪ್ರಿಲ್‌ವರೆಗೆ ಸಾವಿರಾರು ಹೆಂಗಸರಿಗೆ ಅದೇ ಕೆಲಸ. ಒಂದು ಹಂಗಾಮಿನಲ್ಲಿ ಅವರ ಉಸಿರು ಎಷ್ಟು ಕುಗ್ಗುತ್ತದೆ ಎಂಬುದನ್ನು ಯಾರಾದರೂ ಅಳೆದಿದ್ದಾರೆಯೇ ಎಂಬುದು ಅವಳ ಪ್ರಶ್ನೆ. ಹುಡುಕಿದೆವು. ಅಂಥ ಪ್ರಬಂಧ ನಮಗೆ ಒಂದೂ ಸಿಗಲಿಲ್ಲ.

ಕೆಲಸ ಶುರುವಾಗುವ ಮುಂಚೆ ಮೇಡಂ ಒಂದು ಕಾಗದ ಬರೆಸಿದರು. ಯಾರು ಯಾವ ಕೆಲಸ ಮಾಡುತ್ತಾರೆ, ಯಾರ ಹೆಸರು ಎಷ್ಟನೆಯದು ಎಂಬುದೆಲ್ಲ ಅದರಲ್ಲಿತ್ತು. ಮೊದಲು ಬೇನಜೀರ, ಎರಡನೆಯದು ಮೇಡಂ, ಮೂರನೆಯದು ನಾನು. ನನಗೆ ನಗು ಬಂತು. “ಮನೀ ಮಂದಿಯೊಳಗ ಇಂಥಾದ್ದೆಲ್ಲ ಯಾಕ್ರಿ ಮೇಡಂ?” ಎಂದೆ. ಅವರು ನಗಲಿಲ್ಲ. ಪೆನ್ನು ನನ್ನ ಕಡೆ ಚಾಚಿದರು. ಸಹಿ ಮಾಡಿದೆ.

ಆ ಹಂಗಾಮಿನಲ್ಲಿ ಇನ್ನೂರ ಹದಿನಾಲ್ಕು ಹೆಂಗಸರ ಉಸಿರು ಅಳೆದರು. ಜನವರಿಯಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಒಮ್ಮೆ. ಕೊಳವೆಯನ್ನು ಬಾಯಲ್ಲಿಟ್ಟು ಜೋರಾಗಿ ಊದಿದರೆ ಎಷ್ಟು ಗಾಳಿ ಹೊರಬಂತೆಂದು ತೋರಿಸುವ ಯಂತ್ರ ನಮ್ಮಲ್ಲಿತ್ತು. ಕ್ಷೇತ್ರದ ತಂತ್ರಜ್ಞ ಡಾಕಪ್ಪ ಅದನ್ನು ಹೊತ್ತು, ವ್ಯಾಪಾರಿಗಳು ಕಾಯಿ ಬಿಡಿಸುವ ಅಂಗಳದಿಂದ ಅಂಗಳಕ್ಕೆ ತಿರುಗುತ್ತಿದ್ದ. ಹೆಂಗಸರನ್ನು ಒಪ್ಪಿಸಿದವಳು ಮಂಗಳವ್ವ. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ ಮಾಡಿದವಳು, ಓಣಿಯಲ್ಲಿ ಮಾತು ನಡೆಯುವವಳು.

“ನಮ್ಮ ಉಸಿರು ಅಳದು ಏನ್ ಮಾಡ್ತೀರಿ?” ಎಂದು ಮೊದಲ ದಿನವೇ ಕೇಳಿದಳು.

“ಎಷ್ಟು ಕಡಿಮಿ ಆಗೇತಿ ಅಂತ ನಿಮಗ ಹೇಳ್ತೀನಿ. ಬ್ಯಾರೇ ಯಾರಿಗೂ ಹೇಳೂಕಿಂತ ಮೊದಲ ನಿಮಗ” ಎಂದಳು ಬೇನಜೀರ.

ಫಲಿತಾಂಶ ನೋಡಿ ನಾವೇ ಬೆಚ್ಚಿದೆವು. ನಾಲ್ಕು ತಿಂಗಳಲ್ಲಿ ಉಸಿರಿನ ಬಲ ಸರಾಸರಿ ನೂರಕ್ಕೆ ಹತ್ತರಷ್ಟು ಇಳಿದಿತ್ತು. ಬರೆದು ಒಂದು ಒಳ್ಳೆಯ ಪತ್ರಿಕೆಗೆ ಕಳಿಸಿದೆವು. ಅಕ್ಟೋಬರ್‌ನಲ್ಲಿ ಒಪ್ಪಿಗೆಯ ಪತ್ರ ಬಂತು. ಪ್ರಾಧ್ಯಾಪಕಿ ಹುದ್ದೆಗೆ ಮೇಡಂಗೆ ಒಂದೇ ಒಂದು ಪ್ರಬಂಧ ಕಡಿಮೆ ಇತ್ತು, ಈಗ ಅದು ಸಿಕ್ಕಿತು. ಜನವರಿಯಲ್ಲಿ ಸಂದರ್ಶನ, ಮಾರ್ಚ್ ಕೊನೆಗೆ ಅವರ ನಿವೃತ್ತಿ. ಎರಡೂವರೆ ತಿಂಗಳಾದರೂ ಪ್ರಾಧ್ಯಾಪಕಿಯಾಗಿರುತ್ತಾರಲ್ಲ ಎಂದು ನಾವೆಲ್ಲ ಖುಷಿಪಟ್ಟೆವು. ಅವರೂ ಪಟ್ಟರು. ಗುತ್ತಲದ ಮಿಠಾಯಿ ಅಂಗಡಿಯಿಂದ ಪೇಢೆ ತರಿಸಿ ಎಲ್ಲರಿಗೂ ಹಂಚಿದರು.

ನವೆಂಬರ್‌ನ ಒಂದು ಗುರುವಾರ ಬೇನಜೀರ ನನ್ನ ಮೇಜಿನ ಮೇಲೆ ಒಂದು ರಿಜಿಸ್ಟರ್ ಇಟ್ಟಳು. ಆ ಯಂತ್ರಕ್ಕೆ ಪ್ರತಿದಿನ ಬೆಳಿಗ್ಗೆ ಒಂದು ಪರೀಕ್ಷೆ ಇರುತ್ತದೆ. ಮೂರು ಲೀಟರ್ ಗಾಳಿ ಹಿಡಿಯುವ ಸಿರಿಂಜಿನಿಂದ ಯಂತ್ರಕ್ಕೆ ಗಾಳಿ ಹೊಡೆಯಬೇಕು. ಯಂತ್ರ ಮೂರು ಎಂದು ತೋರಿಸಿದರೆ ಸರಿ. ಬಂದ ಸಂಖ್ಯೆಯನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ಫೆಬ್ರವರಿ ಕೊನೆಯವರೆಗೆ ಸಂಖ್ಯೆಗಳು ದಿನಕ್ಕೊಂದು ಥರ ಇದ್ದವು. ಅಲ್ಲಿಂದ ಮುಂದೆ ನಾಲ್ಕೇ ಸಂಖ್ಯೆ, ಅದೇ ಕ್ರಮದಲ್ಲಿ, ಮತ್ತೆ ಮತ್ತೆ. ಸಂಖ್ಯೆಗಳ ಜೊತೆ ಬದುಕುವ ನನಗೆ ಅರೆ ನಿಮಿಷ ಸಾಕಾಯಿತು. ಅವನ್ನು ಯಂತ್ರ ಕೊಟ್ಟಿರಲಿಲ್ಲ. ಪ್ರತಿ ಶನಿವಾರದ ಕೆಳಗೆ ಪರಿಶೀಲಿಸಿದೆ ಎಂದು ಬೇನಜೀರಳ ಸಹಿ ಇತ್ತು.

ಡಾಕಪ್ಪನನ್ನು ಕರೆದೆವು. ಅವನು ಸುಳ್ಳು ಹೇಳಲಿಲ್ಲ. “ಸಿರಿಂಜ್ ಸೋರಾಕತ್ತಿತ್ರಿ. ಸ್ಟೋರಿಗೆ ಎರಡ ಸಲ ಚೀಟಿ ಬರದೆ, ಹೊಸಾದು ಬರಲಿಲ್ಲ. ಕೆಲಸ ನಿಲ್ಲಿಸಿದ್ರ ಆ ಹೆಣ್ಮಕ್ಕಳು ಮತ್ತ ಸಿಗಾಂಗಿಲ್ಲ ಅಂತ… ಹಂಗ ಬರದೇನ್ರಿ. ಯಂತ್ರ ಚಲೋನ ಐತಿ ಅಂದ್ಕೊಂಡಿದ್ದೆ.”

ಬೇರೊಂದು ಆಸ್ಪತ್ರೆಯಿಂದ ಸಿರಿಂಜ್ ತಂದು ಪರೀಕ್ಷಿಸಿದೆವು. ಮೂರು ಲೀಟರಿಗೆ ಯಂತ್ರ ಎರಡೂ ಮುಕ್ಕಾಲು ಚಿಲ್ಲರೆ ತೋರಿಸಿತು. ಅಂದರೆ ಏಪ್ರಿಲ್‌ನಲ್ಲಿ ನಾವು ಕಂಡ ಕುಸಿತದಲ್ಲಿ ಹೆಂಗಸರ ಎದೆಯದು ಎಷ್ಟು, ಯಂತ್ರದ್ದು ಎಷ್ಟು ಎಂಬುದು ಯಾರಿಗೂ ಗೊತ್ತಿಲ್ಲ. ಯಂತ್ರ ಯಾವತ್ತಿನಿಂದ ತಪ್ಪಿತೆಂದೂ ಗೊತ್ತಿಲ್ಲದ್ದರಿಂದ ಲೆಕ್ಕ ಸರಿಪಡಿಸಲು ದಾರಿ ಇರಲಿಲ್ಲ.

ಇಲ್ಲಿ ನನ್ನ ಪಾಲಿನ ಮಾತು ಹೇಳಬೇಕು. “ಈಗ ಸುಮ್ನಿರು. ಸಂದರ್ಶನ ಮುಗೀಲಿ, ಆಮ್ಯಾಲ ತಿದ್ದುಪಡಿ ಕಳಸೋಣ. ಮೇಡಂಗ ಹೇಳಬ್ಯಾಡ” ಎಂದೆ. ನನ್ನ ಹೆಸರೂ ಆ ಪ್ರಬಂಧದಲ್ಲಿತ್ತು ಎಂಬುದು ಆ ಮಾತಿನ ಹಿಂದೆ ಇರಲಿಲ್ಲ ಎಂದು ಹೇಳಲಾರೆ. ಆ ರಿಜಿಸ್ಟರನ್ನು ಒಂದು ಸಲವೂ ತೆರೆದು ನೋಡದೆ ನಾನು ಕೋಷ್ಟಕ ಕಟ್ಟಿದ್ದೆ.

ಬೇನಜೀರ ಹನ್ನೊಂದು ದಿನ ಸುಮ್ಮನಿದ್ದಳು. ಆ ದಿನಗಳಲ್ಲಿ ಅವಳು ಮೇಡಂ ಮುಖ ನೋಡಿ ಮಾತಾಡಲಿಲ್ಲ. ಜ್ವರ ಎಂದು ರಜೆ ಹಾಕಿದಳು. ಮನೆಯಲ್ಲಿ ಜಮೀರ್ ಏನಾಯಿತೆಂದು ಕೇಳಿದರೆ ಮಗಳ ತಲೆ ಬಾಚುತ್ತ ಕುಳಿತುಬಿಡುತ್ತಿದ್ದಳಂತೆ. ಆಮೇಲೆ ಅವಳೇ ನನಗೆ ಹೇಳಿದ್ದು: ತನ್ನ ಬಡ್ತಿ ಹೋದರೆ ಹೋಗಲಿ, ಆದರೆ ಇನ್ನೊಬ್ಬರ ಕೊನೆಯ ಅವಕಾಶವನ್ನು ತನ್ನ ಕೈಯಾರೆ ಕಿತ್ತುಕೊಳ್ಳುವುದು ಹೇಗೆ ಎಂಬುದೊಂದೇ ಅವಳ ತಲೆಯಲ್ಲಿತ್ತು.

ಹನ್ನೆರಡನೆಯ ದಿನ ಬೆಳಿಗ್ಗೆ ಅವಳು ರಿಜಿಸ್ಟರ್ ಒಯ್ದು ಮೇಡಂ ಮುಂದೆ ಇಟ್ಟಳು. ನಿಂತೇ ಎಲ್ಲ ಹೇಳಿದಳು. ಮೇಡಂ ಒಂದೊಂದೇ ಪುಟ ತಿರುವಿದರು. ಬೈಯಲಿಲ್ಲ. “ಇದನ್ನ ನಾ ಮನೀಗೆ ಒಯ್ತೀನಿ” ಎಂದಷ್ಟೇ ಹೇಳಿ, ಚೀಲದಲ್ಲಿಟ್ಟುಕೊಂಡು ರಾಣೆಬೆನ್ನೂರಿನ ತಮ್ಮ ಮನೆಗೆ ಹೊರಟುಹೋದರು. ಎರಡು ದಿನ ಕಾಲೇಜಿಗೆ ಬರಲಿಲ್ಲ. ಫೋನೂ ಎತ್ತಲಿಲ್ಲ.

ಮೂರನೆಯ ದಿನ ಬಂದರು. ಮುಖ ಇಳಿದಿತ್ತು. ಬೇನಜೀರಳನ್ನೂ ನನ್ನನ್ನೂ ಕೂರಿಸಿ ಬಾಗಿಲು ಮುಚ್ಚಿದರು.

“ಎರಡ ದಿನ ನಾ ಏನ್ ಮಾಡಿದೆ ಗೊತ್ತೇನು? ಇದನ್ನ ಮುಚ್ಚಿಡಾಕ ಕಾರಣ ಹುಡುಕಿದೆ. ಹಾಳಿ ತಗೊಂಡು ಬರಕೋತ ಕುಂತೆ. ಒಂಬತ್ತು ಸಿಕ್ಕವು. ಎಲ್ಲಾ ಚಲೋ ಕಾರಣಾನ. ನಿನಗ ಒಳ್ಳೇದಾಗ್ತದ, ಡಾಕಪ್ಪನ ನೌಕರಿ ಉಳೀತದ, ಕಾಲೇಜಿಗೆ ಹೆಸರು ಬರ್ತದ, ಹೆಂಗಸರ ಎದಿ ಖರೇನ ಕೆಟ್ಟಿರಬಹುದು… ಓದಿ ಓದಿ ನೋಡಿದೆ. ಮಂಗಳವ್ವನ ಮುಂದ ಕುಂತು ಹೇಳೂವಂಥಾದ್ದು ಅದರಾಗ ಒಂದೂ ಇರಲಿಲ್ಲ.”

ಬೇನಜೀರ ಅಳುತ್ತಿದ್ದಳು. “ನನ್ನ ಸಹಿ ಐತ್ರಿ ಮೇಡಂ. ನಾ ನೋಡಲಾರದ ಹಾಕೀನಿ.”

“ಹೌದು, ಹಾಕೀದಿ. ನಾನೂ ಕೇಳಲಿಲ್ಲ. ಈಗ ಪತ್ರಿಕೆಯವರಿಗೆ ವಾಪಸ್ ತಗೋತೀವಿ ಅಂತ ಪತ್ರ ಬರಿ. ನಿನ್ನ ಹೆಸರು ಮೊದಲೈತಿ, ನೀನ ಬರೀಬೇಕು. ಏನ್ ತಪ್ಪಾತು ಅನ್ನೂದನ್ನ ಸಣ್ಣದು ಮಾಡಬ್ಯಾಡ, ದೊಡ್ಡದೂ ಮಾಡಬ್ಯಾಡ.”

ಪತ್ರಕ್ಕೆ ಮುಂಚೆ ಮುಖ್ಯಸ್ಥರಿಗೆ ತಿಳಿಸಿದರು. ಡಾ. ಶಶಿಕಾಂತ ಕೆಟ್ಟವರಲ್ಲ. ತಪಾಸಣೆ ತಂಡ ಬರುವುದರಲ್ಲಿತ್ತು, ಅವರಿಗೆ ಅದರ ಭಯ. “ಪ್ರಬಂಧ ಇರಲಿ. ತಂತ್ರಜ್ಞನ ಮ್ಯಾಲ ವರದಿ ಕೊಡ್ರಿ, ಅವನ್ನ ತಗದುಬಿಡೋಣ. ನಾಳೆ ಯಾರರ ಕೇಳಿದ್ರ ಕ್ರಮ ತಗೊಂಡೇವಿ ಅನಬಹುದು” ಎಂದರು.

ಬೇನಜೀರ ಜೀವಮಾನದಲ್ಲಿ ಮೊದಲ ಸಲ ಮೇಲಿನವರಿಗೆ ಇಲ್ಲ ಎಂದಳು ಎಂದು ನನ್ನ ನಂಬಿಕೆ. “ಚೀಟಿ ಎರಡ ಸಲ ಬರದಾನ್ರಿ ಸರ್. ನಾ ಒಂದ ಸಲ ರಿಜಿಸ್ಟರ್ ಓದಿದ್ರ ಅವತ್ತ ಗೊತ್ತಾಗತಿತ್ತು. ವರದಿ ಕೊಡೂದಾದ್ರ ನನ್ನ ಹೆಸರಲೇ ಶುರುವಾಗ್ಬೇಕು.”

ಮುಖ್ಯಸ್ಥರು ಮೇಡಂ ಕಡೆ ತಿರುಗಿದರು. “ನೀವರ ಹೇಳ್ರಿ. ನಿಮ್ಮ ಸಂದರ್ಶನ ಎರಡ ತಿಂಗಳೈತಿ.”

“ಗೊತ್ತೈತ್ರಿ” ಎಂದರು ಮೇಡಂ.

ಪತ್ರ ಹೋಯಿತು. ಮೂವರ ಸಹಿಯೂ ಇತ್ತು. ಪತ್ರಿಕೆಯವರು ಎರಡು ಸಾಲಿನ ಉತ್ತರ ಬರೆದು ಪ್ರಬಂಧವನ್ನು ಕೈಬಿಟ್ಟರು. ಜನವರಿಯಲ್ಲಿ ಸಂದರ್ಶನಕ್ಕೆ ಕರೆದವರ ಪಟ್ಟಿಯಲ್ಲಿ ಮೇಡಂ ಹೆಸರಿರಲಿಲ್ಲ. ಬೇನಜೀರಳ ಬಡ್ತಿಯ ಕಡತ ಕಪಾಟಿಗೆ ಹೋಯಿತು. ಕಾರಿಡಾರಿನಲ್ಲಿ ಕೆಲವರು ಮೇಡಂ ಎದುರಿಗೇ, ಹುಡುಗಿಯ ಮಾತು ಕೇಳಿ ಕೆಟ್ಟರು ಎಂದರು. ಅವರು ಕೇಳಿಸದವರಂತೆ ದಾಟಿ ಹೋದರು. ಆದರೆ ಒಂದು ದಿನ ನಾನು ಕೋಣೆಗೆ ಬಂದಾಗ ಅವರು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು. ಕಣ್ಣು ಒರೆಸಿಕೊಂಡು, “ದುಃಖ ಆಗೇತ್ರಿ. ಆಗಿಲ್ಲಂದ್ರ ಸುಳ್ಳಾಗ್ತದ” ಎಂದರು. ನಾನು ಚಹಾ ತರಿಸಿದೆ.

ಆ ಜನವರಿಯ ಹಂಗಾಮಿನಲ್ಲೇ ಅವರಿಬ್ಬರೂ ಅಳತೆಯನ್ನು ಮತ್ತೆ ಶುರು ಮಾಡಿದರು. ಬೇನಜೀರ ಬ್ಯಾಡಗಿಗೆ ಹೋಗಿ ಮಂಗಳವ್ವ ದುಡಿಯುವ ಅಂಗಳದಲ್ಲಿ ಕುಳಿತು, ಹೋದ ವರ್ಷದ ಅಳತೆ ತಪ್ಪಿತ್ತು, ಮತ್ತೊಮ್ಮೆ ಊದಬೇಕು ಎಂದು ಹೇಳಿದಳು. ಹೆಂಗಸರಲ್ಲಿ ಕೆಲವರು ಸಿಟ್ಟಾದರು. ಹಿಂದಿನವರಲ್ಲಿ ಅರವತ್ತಕ್ಕೂ ಹೆಚ್ಚು ಜನ ಈ ಸಲ ದೂರ ಉಳಿದರು. ಮಂಗಳವ್ವ ಒಂದು ಮಾತು ಕೇಳಿದಳು: “ತಪ್ಪಾಗೇತಿ ಅಂತ ನಿಮಗ ಯಾರರ ಬಂದು ಹೇಳಿದ್ರೋ, ನೀವ ನೋಡಿದ್ರೋ?”

“ನಾವ ನೋಡಿದ್ವಿ.”

“ಹಂಗಾರ ಕೊಡ್ರಿ ಆ ಕೊಳವಿ.”

ಈ ಸಲ ಹೊಸ ಸಿರಿಂಜ್ ಇತ್ತು. ದಿನವೂ ಡಾಕಪ್ಪ ಅಳೆಯುತ್ತಿದ್ದ, ಬೇನಜೀರ ಓದುತ್ತಿದ್ದಳು, ವಾರಕ್ಕೊಮ್ಮೆ ನಾನೂ ನೋಡುತ್ತಿದ್ದೆ. ಮೇಡಂ ಪ್ರತಿ ಗುರುವಾರ ಮೋಟೆಬೆನ್ನೂರಿನಲ್ಲಿ ಬಸ್ಸು ಬದಲಿಸಿ ಬ್ಯಾಡಗಿಗೆ ಹೋಗುತ್ತಿದ್ದರು. ಬೇನಜೀರಳಿಗೆ ಆ ದಿನಗಳಲ್ಲಿ ಅವರು ಹೇಳಿದ್ದರಲ್ಲಿ ಒಂದು ನನಗೆ ನೆನಪಿದೆ. “ನನ್ನೊಬ್ಬಾಕೀ ಮಾತು ಕೇಳಿ ಬೆಳೀಬ್ಯಾಡ. ನನಗ ಗೊತ್ತಿರೂದು ಸ್ವಲ್ಪ. ಶ್ವಾಸಕೋಶ ಬಲ್ಲವರೊಬ್ಬರನ್ನ ಹುಡುಕು, ಬರೀಲಿಕ್ಕೆ ಕಲಿಸೂವರೊಬ್ಬರನ್ನ ಹುಡುಕು. ನಿನ್ನ ತಪ್ಪು ನಿನಗ ಹೇಳೂವಂಥ ಗೆಳತಿ ಒಬ್ಬಾಕೀನ್ನ ಇಟ್ಕೋ. ಎಲ್ಲಾರೂ ಒಂದ ಕಾಲೇಜಿನವರು ಇರಬಾರದು.” ಬೇನಜೀರ ಹುಬ್ಬಳ್ಳಿಯ ಒಬ್ಬ ಶ್ವಾಸಕೋಶ ತಜ್ಞೆಗೆ ಪತ್ರ ಬರೆದಳು. ಮೂರನೆಯ ಪತ್ರಕ್ಕೆ ಉತ್ತರ ಬಂತು.

ಮಾರ್ಚ್ ಮೂವತ್ತರಂದು ಮೇಡಂಗೆ ಬೀಳ್ಕೊಡುಗೆ ಇತ್ತು. ಅವತ್ತು ಬೆಳಿಗ್ಗೆಯೂ ಬ್ಯಾಡಗಿಗೆ ಹೋಗಿದ್ದವರು ನೇರವಾಗಿ ಸಭಾಂಗಣಕ್ಕೆ ಬಂದರು. ಸೀರೆಯಲ್ಲಿದ್ದ ಮೆಣಸಿನಕಾಯಿ ಘಾಟಿಗೆ ಮುಂದಿನ ಸಾಲಿನವರೆಲ್ಲ ಸೀನಿದರು. ಮೇಡಂ ನಕ್ಕಿದ್ದು ನಾನು ಆ ವರ್ಷ ಕಂಡದ್ದು ಅದೊಂದೇ ಸಲ. ಮಾತಾಡಿ ಎಂದಾಗ ಎರಡೇ ನಿಮಿಷ ಮಾತಾಡಿದರು.

ಏಪ್ರಿಲ್ ಕಳೆದು ಲೆಕ್ಕ ಕೈಗೆ ಬಂದಾಗ ಕುಸಿತ ನೂರಕ್ಕೆ ಹತ್ತಲ್ಲ, ಸರಾಸರಿ ನಾಲ್ಕು. ಹೊಸದಾಗಿ ಕೆಲಸಕ್ಕೆ ಸೇರಿದವರಲ್ಲಿ ಬಹುತೇಕ ಏನೂ ಇರಲಿಲ್ಲ. ಕೆಲಸಕ್ಕೆ ಸೇರಿ ಹದಿನೈದು ವರ್ಷ ದಾಟಿದವರಲ್ಲಿ, ಅದರಲ್ಲೂ ಬಿಡಿಸಿದ ಕಾಯಿಯಿಂದ ದೂಳು, ಬೀಜ ಬೇರೆ ಮಾಡಲು ಜರಡಿ ಹಿಡಿಯುವವರಲ್ಲಿ ಹೆಚ್ಚು. ಮೊದಲಿನ ಪ್ರಬಂಧದಲ್ಲಿ ಎಲ್ಲರೂ ಒಂದೇ ಥರ ಕಂಡಿದ್ದರು. ಯಾರಿಗೆ ಅಪಾಯ ಎಂಬುದು ಅದರಲ್ಲಿ ಮುಚ್ಚಿಹೋಗಿತ್ತು.

ಬೇನಜೀರ ಕೊಟ್ಟ ಮಾತಿನಂತೆ ಮೊದಲು ಬ್ಯಾಡಗಿಯಲ್ಲೇ ಅದನ್ನು ಹೇಳಿದಳು, ಕನ್ನಡದಲ್ಲೊಮ್ಮೆ, ಉರ್ದುವಿನಲ್ಲೊಮ್ಮೆ. ನಿವೃತ್ತರಾಗಿದ್ದ ಮೇಡಂ ಹಿಂದಿನ ಸಾಲಿನಲ್ಲಿ ಹೆಂಗಸರ ನಡುವೆ ಚಾಪೆಯ ಮೇಲೆ ಕುಳಿತಿದ್ದರು. ಪ್ರಬಂಧ ಅಚ್ಚಾಗಲು ಮತ್ತೊಂದು ವರ್ಷ ಹಿಡಿಯಿತು. ಮೊದಲಿನಷ್ಟು ದೊಡ್ಡ ಪತ್ರಿಕೆಯಲ್ಲ. ಹೆಸರುಗಳು ಮೊದಲು ಸಹಿ ಮಾಡಿದ ಕಾಗದದಲ್ಲಿ ಬರೆದ ಕ್ರಮದಲ್ಲೇ ಇವೆ, ಕೊನೆಯಲ್ಲಿ ಹುಬ್ಬಳ್ಳಿಯವರದು ಸೇರಿದೆ, ಕೃತಜ್ಞತೆಯಲ್ಲಿ ಡಾಕಪ್ಪನದು ಇದೆ. ಬೇನಜೀರಳಿಗೆ ಬಡ್ತಿ ಬಂದದ್ದು ಈ ವರ್ಷ, ಜೊತೆಗೆ ಸೇರಿದವರಿಗಿಂತ ಎರಡು ವರ್ಷ ತಡವಾಗಿ.

ಅಂಗಳಗಳ ಮಾಲೀಕರಲ್ಲಿ ಇಬ್ಬರು ಮಾತ್ರ ಜರಡಿ ಹಿಡಿಯುವ ಕೆಲಸವನ್ನು ಗಾಳಿಯಾಡುವ ಬಯಲಿಗೆ ಹಾಕಿದ್ದಾರೆ. ಉಳಿದವರು ನೋಡೋಣ ಎಂದಿದ್ದಾರೆ. ಎಲ್ಲರಿಗಿಂತ ಕಡಿಮೆ ಉಸಿರು ಬಂದದ್ದು ಮಂಗಳವ್ವನಿಗೆ. ಮೇಡಂ ಅವಳನ್ನು ತಾವೇ ಹುಬ್ಬಳ್ಳಿಗೆ ಕರೆದೊಯ್ದು ತೋರಿಸಿದರು. ಈಗ ದಿನಕ್ಕೆರಡು ಸಲ ಉಸಿರಿನ ಜೊತೆ ಔಷಧಿ ಎಳೆದುಕೊಳ್ಳುತ್ತಾಳೆ, ಜರಡಿ ಬಿಟ್ಟಿದ್ದಾಳೆ, ಚೀಲ ಹೊಲಿಯುವ ಕಡೆ ಕೂರುತ್ತಾಳೆ. ಮೊನ್ನೆ ಹೋದಾಗ ಮಾಳಿಗೆಯ ಮೇಲೆ ಕುಳಿತಿದ್ದ ನಮಗಾಗಿ ಮೆಟ್ಟಿಲು ಹತ್ತಿ ಕುಡಿಯುವ ನೀರು ತಂದಳು. ಉಸಿರು ತೆಗೆದುಕೊಳ್ಳಲು ನಡುವೆ ಎಲ್ಲೂ ನಿಲ್ಲಲಿಲ್ಲ.